ಗ್ರೀನ್ ಟೀ, ನಮ್ಮ ತಟ್ಟೆ ಮತ್ತು ಸೊಂಟದ ಸುತ್ತಳತೆ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೊಜ್ಜು, ಗ್ರೀನ್ ಟೀ ಮತ್ತು ಆಹಾರ ಕ್ರಮದ ಬಗ್ಗೆ ಮಾತನಾಡಬೇಕೆಂದು ಸಂಘದವರು ನನಗೆ ಸೂಚಿಸಿದ್ದಾರೆ. ಈ ವಿಷಯವನ್ನು ಆರಿಸಿದವರು ವಿದ್ಯಾರ್ಥಿಗಳೆಂದು ತಿಳಿದು ಸಂತೋಷವಾಯಿತು. ಇಂದು ಯಾವ ದಿನಸಿ ಅಂಗಡಿಗೆ ಹೋದರೂ ಹಸಿರು ಬಣ್ಣದ ಪೊಟ್ಟಣಗಳು ಕಾಣುತ್ತವೆ. ಕುಡಿದರೆ ಹೊಟ್ಟೆ ಕರಗುತ್ತದೆ ಎಂಬ ಭರವಸೆಯೂ ಜಾಹೀರಾತಿನಲ್ಲಿರುತ್ತದೆ. ಆದುದರಿಂದ ಮೊದಲು ಉತ್ತರ ಹೇಳಿ, ಆಮೇಲೆ ಕಾರಣ ಹೇಳುತ್ತೇನೆ. ಗ್ರೀನ್ ಟೀಯಿಂದ ಬೊಜ್ಜು ಕರಗುವುದಿಲ್ಲ. ಆದರೆ ಸಕ್ಕರೆ ಹಾಕಿದ ಚಹಾದ ಜಾಗಕ್ಕೆ ಸಕ್ಕರೆಯಿಲ್ಲದ ಗ್ರೀನ್ ಟೀ ಬಂದರೆ ಖಂಡಿತ ಲಾಭವಿದೆ. ಊಟದ ಜಾಗಕ್ಕೆ ಅದು ಬಂದರೆ ನಷ್ಟವಿದೆ. ನನ್ನ ಇಡೀ ಭಾಷಣ ಈ ಮೂರು ಮಾತುಗಳ ವಿವರಣೆ ಮಾತ್ರ.

ಮೊದಲು ಬೊಜ್ಜಿನ ವಿಷಯ. ನಮ್ಮಲ್ಲಿ ಸ್ವಲ್ಪ ದಪ್ಪಗಿರುವವರನ್ನು ಕಂಡರೆ ‘ಮಾಶಾ ಅಲ್ಲಾಹ್, ಆರೋಗ್ಯವಾಗಿದ್ದಾರೆ’ ಎನ್ನುವ ರೂಢಿ ಇತ್ತು. ಹಸಿವಿನ ಕಾಲದಲ್ಲಿ ಆ ಮಾತಿಗೆ ಅರ್ಥವೂ ಇತ್ತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲೂ ಪುರುಷರಲ್ಲೂ ಸುಮಾರು ಶೇ. 30 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜು ಮಾಡಿತು. ಸೊಂಟದ ಬೊಜ್ಜು ಇರುವವರು ಶೇ. 39.5.

ಸೊಂಟದ ಬೊಜ್ಜು ಎಂದು ಬೇರೆಯಾಗಿ ಯಾಕೆ ಲೆಕ್ಕ ಹಾಕುತ್ತಾರೆ? ಭಾರತೀಯರ ದೇಹಪ್ರಕೃತಿಯಲ್ಲಿ ಒಂದು ವಿಶೇಷವಿದೆ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಚಿತ್ರ ಪ್ರಕಟವಾಗಿತ್ತು. ಒಬ್ಬರು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿ.ಎಂ.ಐ.ಯಲ್ಲಿ, ಇಬ್ಬರೂ ಸಮಾನರು. ಇಬ್ಬರದೂ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಪರೀಕ್ಷೆ ಮಾಡಿದಾಗ ಯುಡ್ಕಿನ್ ಅವರ ದೇಹದಲ್ಲಿ ಶೇ. 9ರಷ್ಟು ಕೊಬ್ಬಿದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಶೇ. 21ರಷ್ಟು ಇತ್ತು. ಅಂದರೆ ತೂಕದ ಯಂತ್ರ ‘ಸರಿಯಿದೆ’ ಎಂದು ಹೇಳುವಾಗಲೂ ನಮ್ಮ ಹೊಟ್ಟೆಯೊಳಗೆ ಕೊಬ್ಬು ಸೇರಿರಬಹುದು. ಆದ್ದರಿಂದಲೇ ಭಾರತೀಯರಿಗೆ ಬಿ.ಎಂ.ಐ. 23 ದಾಟಿದರೆ ಎಚ್ಚರ ಬೇಕು ಎಂದು ತಜ್ಞರು ನಿಗದಿ ಮಾಡಿದ್ದಾರೆ. ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ದಾಟಬಾರದು. ದರ್ಜಿಯ ಟೇಪೊಂದಿದ್ದರೆ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಹೊಟ್ಟೆಯೊಳಗಿನ ಈ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಸ್ನಾಯುಗಳ ಒಳಗೆ ಕಳುಹಿಸುವ ಕೆಲಸ ಇನ್ಸುಲಿನ್ ಎಂಬ ಹಾರ್ಮೋನಿನದು. ಯಕೃತ್ತಿನಲ್ಲೂ ಅದರ ಸುತ್ತಮುತ್ತಲೂ ಕೊಬ್ಬು ಸೇರಿದಾಗ ದೇಹ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಕೆಲವು ವರ್ಷ ಹೀಗೆ ನಡೆದು ಅದು ಸೋತಾಗ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕಾಯಿಲೆ ಗೊತ್ತಾಗುವುದು ಒಂದು ದಿನ. ಆದರೆ ಅದರ ತಯಾರಿ ಹಲವು ವರ್ಷಗಳದ್ದು. ಚಯಾಪಚಯ ಸರಿಯಿದೆಯೇ ಎಂದು ತಿಳಿಯಲು ವೈದ್ಯರು ಐದು ಅಂಶಗಳನ್ನು ನೋಡುತ್ತಾರೆ: ಸೊಂಟದ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮತ್ತು ಒಳ್ಳೆಯ ಕೊಲೆಸ್ಟರಾಲ್. ಐದರಲ್ಲಿ ಮೂರು ಕೆಟ್ಟಿದ್ದರೆ ಹೃದಯಕ್ಕೂ ಅಪಾಯ ಬಂದಂತೆ.

ಈಗ ಗ್ರೀನ್ ಟೀಗೆ ಬರೋಣ. ಇದು ಬೇರೆ ಗಿಡವಲ್ಲ. ನಾವು ದಿನಾ ಕುಡಿಯುವ ಚಹಾದ ಗಿಡದ ಎಲೆಯೇ. ಎಲೆಯನ್ನು ಕಿತ್ತ ಕೂಡಲೇ ಹಬೆಯಲ್ಲಿ ಅಥವಾ ಬಾಣಲೆಯಲ್ಲಿ ಬಿಸಿ ಮಾಡಿದರೆ ಅದು ಹಸಿರಾಗಿಯೇ ಉಳಿಯುತ್ತದೆ. ಹಾಗೆ ಮಾಡದೆ ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಕಪ್ಪು ಚಹಾ ಆಗುತ್ತದೆ. ಇದು ನಮಗೆ ಪೂರ್ತಿ ಹೊಸತೂ ಅಲ್ಲ. ಕಾಶ್ಮೀರದ ಮನೆಗಳಲ್ಲಿ ಏಲಕ್ಕಿ, ದಾಲ್ಚಿನ್ನಿ, ಕೇಸರಿ ಹಾಕಿ ಮಾಡುವ ಕಹ್ವಾ ಗ್ರೀನ್ ಟೀಯೇ. ಮೊರಾಕ್ಕೋದಲ್ಲಿ ಪುದೀನ ಸೊಪ್ಪು ಹಾಕಿ ಅತಿಥಿಗಳಿಗೆ ಕೊಡುವ ಚಹಾ ಕೂಡ ಗ್ರೀನ್ ಟೀಯೇ. ಆದರೆ ಅಲ್ಲಿ ಅದಕ್ಕೆ ಧಾರಾಳವಾಗಿ ಸಕ್ಕರೆ ಹಾಕುತ್ತಾರೆ. ಅಷ್ಟು ಸಕ್ಕರೆ ಬಿದ್ದ ಮೇಲೆ ಹಸಿರು ಎಲೆಯ ಚಹಾವೂ ಶರಬತ್ತೇ.

ಹಸಿರು ಎಲೆಯಲ್ಲಿ ಕ್ಯಾಟೆಚಿನ್ ಎಂಬ ಸಂಯುಕ್ತಗಳಿವೆ. ಅವು ಮತ್ತು ಕೆಫೀನ್ ಸೇರಿ ದೇಹ ಶಕ್ತಿಯನ್ನು ಖರ್ಚು ಮಾಡುವುದನ್ನು ತುಸು ಹೆಚ್ಚಿಸುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಜಾಹೀರಾತುಗಳು ಹಿಡಿದುಕೊಂಡಿರುವುದು ಇದನ್ನೇ. ಆದರೆ ಮನುಷ್ಯರ ತೂಕ ನಿಜವಾಗಿ ಎಷ್ಟು ಇಳಿಯಿತು? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2012ರಲ್ಲಿ 18 ಅಧ್ಯಯನಗಳನ್ನು ನೋಡಿತು. ಸುಮಾರು 1,900 ಮಂದಿ ಅವುಗಳಲ್ಲಿ ಭಾಗವಹಿಸಿದ್ದರು. ಜಪಾನಿನ ಹೊರಗೆ ನಡೆದ ಅಧ್ಯಯನಗಳಲ್ಲಿ ಗ್ರೀನ್ ಟೀ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಇದ್ದ ಸರಾಸರಿ ವ್ಯತ್ಯಾಸ ಕೇವಲ 40 ಗ್ರಾಂ! ಮೂರು ತಿಂಗಳು ಕುಡಿದು 40 ಗ್ರಾಂ. ಜಪಾನಿನ ಅಧ್ಯಯನಗಳಲ್ಲಿ ಇಳಿಕೆ ಸ್ವಲ್ಪ ಹೆಚ್ಚಾಗಿಯೇ ಕಂಡಿತ್ತು. ಆದರೂ ಒಟ್ಟಿನಲ್ಲಿ ಇದು ಚಿಕಿತ್ಸೆಯೆನಿಸುವಷ್ಟು ದೊಡ್ಡದಲ್ಲ ಎಂದೇ ಆ ಸಂಸ್ಥೆ ತೀರ್ಮಾನಿಸಿತು. 2011ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಕೆಟ್ಟ ಕೊಲೆಸ್ಟರಾಲ್ ಸುಮಾರು 2 ಮಿಲಿಗ್ರಾಂ ಇಳಿಯುತ್ತದೆ. 140 ಇದ್ದದ್ದು 138 ಆದಂತೆ. ಇಷ್ಟು ಲಾಭ ನಿಜ, ಆದರೆ ಇಷ್ಟೇ.

ಹಾಗಾದರೆ ಕುಡಿಯಬೇಕೇ, ಬೇಡವೇ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೋಟ ಚಹಾಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ಬೆಳಿಗ್ಗೆ ಒಂದು, ಹತ್ತು ಗಂಟೆಗೊಂದು, ಅಸರ್ ನಮಾಝಿನ ಬಳಿಕ ಒಂದು, ಅಂಗಡಿಯಲ್ಲಿ ಅಥವಾ ಸಭೆಯಲ್ಲಿ ಎರಡು. ಹೀಗೆ ದಿನಕ್ಕೆ ಐದು ಲೋಟವಾದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ವರ್ಷಕ್ಕೆ 18 ಕಿಲೊ! ಚಹಾದ ಹೆಸರಿನಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ 18 ಕಿಲೊ ಸಕ್ಕರೆ ತಿನ್ನುತ್ತಾನೆ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಸಲಹೆ. ಈ ಐದರಲ್ಲಿ ಮೂರು ಲೋಟದ ಜಾಗಕ್ಕೆ ಸಕ್ಕರೆಯಿಲ್ಲದ ಗ್ರೀನ್ ಟೀ ಬಂದರೆ ದಿನಕ್ಕೆ 30 ಗ್ರಾಂ ಸಕ್ಕರೆ ತಪ್ಪಿತು. ಎಲೆ ಮಾಡದ ಕೆಲಸವನ್ನು ಚಮಚ ಎತ್ತಿಟ್ಟದ್ದು ಮಾಡಿತು.

ಇದೇ ಲೆಕ್ಕ ನಮ್ಮ ಸುಲೈಮಾನಿಗೂ ಅನ್ವಯಿಸುತ್ತದೆ. ಲಿಂಬೆರಸ, ಏಲಕ್ಕಿ ಹಾಕಿದ ಸುಲೈಮಾನಿಯನ್ನು ಸಕ್ಕರೆಯಿಲ್ಲದೆ ಕುಡಿಯುವವರು ದುಬಾರಿ ಪೊಟ್ಟಣ ಕೊಳ್ಳಬೇಕಾಗಿಲ್ಲ. ಕೆಲವರು ಹೇಳುತ್ತಾರೆ, ‘ನಾವು ಸಕ್ಕರೆ ಬಿಟ್ಟಿದ್ದೇವೆ, ಬೆಲ್ಲ ಅಥವಾ ಜೇನು ಹಾಕುತ್ತೇವೆ’ ಎಂದು. ಜೇನಿನ ಶ್ರೇಷ್ಠತೆಯನ್ನು ನಾವೆಲ್ಲ ನಂಬುತ್ತೇವೆ. ಆದರೆ ದಿನಕ್ಕೆ ಹತ್ತು ಚಮಚ ಜೇನು ಕುಡಿದರೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ. ಔಷಧವನ್ನು ಯಾರೂ ಲೋಟಗಟ್ಟಲೆ ಕುಡಿಯುವುದಿಲ್ಲ.

ಗ್ರೀನ್ ಟೀ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕುದಿಯುವ ನೀರು ಹಾಕಿದರೆ ಕಹಿಯಾಗುತ್ತದೆ. ಕಹಿಯಾದರೆ ಸಕ್ಕರೆ ಬೇಕೆನಿಸುತ್ತದೆ. ನೀರು ಕುದಿದ ಮೇಲೆ ಇಳಿಸಿ ನಾಲ್ಕೈದು ನಿಮಿಷ ಬಿಡಿ. ಆಮೇಲೆ ಒಂದು ಲೋಟಕ್ಕೆ ಒಂದು ಸಣ್ಣ ಚಮಚ ಎಲೆ ಹಾಕಿ, ಎರಡು ಮೂರು ನಿಮಿಷದ ನಂತರ ಸೋಸಿ. ದಿನಕ್ಕೆ ಎರಡು ಮೂರು ಲೋಟ ಸಾಕು. ಇದರಲ್ಲೂ ಕೆಫೀನ್ ಇರುವುದರಿಂದ ರಾತ್ರಿ ಬೇಡ.

ಈಗ ಬಹಳ ಮುಖ್ಯವಾದ ಮಾತು. ವಿದ್ಯಾರ್ಥಿನಿಯರು ದಯವಿಟ್ಟು ಗಮನವಿಟ್ಟು ಕೇಳಬೇಕು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಚಹಾ ಯಾವುದೇ ಇರಲಿ, ಊಟದ ಜೊತೆ ಕುಡಿದರೆ ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ ಚಹಾ, ಕಾಫಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಹೀಗಿರುವಾಗ ಬೆಳಗಿನ ತಿಂಡಿ ಬಿಟ್ಟು ಒಂದು ಲೋಟ ಗ್ರೀನ್ ಟೀ ಕುಡಿದು ಕಾಲೇಜಿಗೆ ಹೋಗುವ ಹುಡುಗಿಗೆ ಏನಾಗುತ್ತದೆ? ಬೊಜ್ಜು ಹೋಗುವುದಿಲ್ಲ, ರಕ್ತ ಹೋಗುತ್ತದೆ. ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಮಧ್ಯಾಹ್ನ ಹಸಿವು ತಡೆಯಲಾರದೆ ಬೇಕರಿಯ ಪಫ್ಸ್ ತಿನ್ನುತ್ತಾಳೆ. ನಾಳೆ ಅವಳೇ ತಾಯಿಯಾಗುವಾಗ ಆ ರಕ್ತಹೀನತೆ ಮಗುವಿನ ತೂಕದ ಮೇಲೂ ಪರಿಣಾಮ ಬೀರುತ್ತದೆ.

ಈ ತಪ್ಪಿಗೆ ಹುಡುಗಿಯರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಹೆಣ್ಣು ನೋಡಲು ಬಂದವರು ‘ಸ್ವಲ್ಪ ದಪ್ಪವಾಯಿತು’ ಎಂದು ಹೇಳಿ ಹೋಗುತ್ತಾರೆ. ಆಮೇಲೆ ಆ ಮನೆಯಲ್ಲಿ ಹುಡುಗಿಯ ಊಟದ ಮೇಲೆ ಎಲ್ಲರ ಕಣ್ಣು. ಹಿರಿಯರಲ್ಲಿ ನನ್ನ ವಿನಂತಿ, ಮಕ್ಕಳ ಮೈಕಟ್ಟಿನ ಬಗ್ಗೆ ಎಲ್ಲರ ಮುಂದೆ ಮಾತನಾಡಬೇಡಿ. ಅವಮಾನದಿಂದ ಯಾರ ಆರೋಗ್ಯವೂ ಸುಧಾರಿಸುವುದಿಲ್ಲ. ಮುಟ್ಟು ಏರುಪೇರಾಗುತ್ತಾ ತೂಕ ಏರುತ್ತಿದ್ದರೆ ಪಿ.ಸಿ.ಒ.ಡಿ. ಇರಬಹುದು. ಅದಕ್ಕೆ ಬೈಗುಳ ಔಷಧವಲ್ಲ, ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.

ಇನ್ನೊಂದು ಎಚ್ಚರಿಕೆ ಗ್ರೀನ್ ಟೀ ಮಾತ್ರೆಗಳ ಬಗ್ಗೆ. ಲೋಟದ ಚಹಾ ಬೇರೆ, ಎಲೆಯ ಸಾರವನ್ನು ಹಿಂಡಿ ತೆಗೆದು ತುಂಬಿಸಿದ ಕ್ಯಾಪ್ಸೂಲ್ ಬೇರೆ. ಅದರಲ್ಲಿರುವ ಇ.ಜಿ.ಸಿ.ಜಿ. ಎಂಬ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ತೊಂದರೆಯ ಸೂಚನೆಗಳು ಕಾಣುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಯಕೃತ್ತಿನ ಕೊಬ್ಬು ಕರಗಿಸಲು ಹೋಗಿ ಯಕೃತ್ತನ್ನೇ ಕೆಡಿಸಿಕೊಳ್ಳಬೇಡಿ. ಗರ್ಭಿಣಿಯರು, ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ಸೇವಿಸುವವರು ಲೋಟದ ಗ್ರೀನ್ ಟೀಯನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಈಚೆಗೆ ತೂಕ ಇಳಿಸುವ ಚುಚ್ಚುಮದ್ದುಗಳೂ ಬಂದಿವೆ. ಅವು ಪರಿಣಾಮಕಾರಿ ನಿಜ. ಆದರೆ ಯಾರಿಗೆ ಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಗೆಳೆಯರಲ್ಲ.

ಲೋಟದ ಮಾತು ಮುಗಿಯಿತು, ಇನ್ನು ತಟ್ಟೆಗೆ ಬರೋಣ. ನಮ್ಮ ಊಟದಲ್ಲಿ ಅನ್ನವೇ ಬೆಟ್ಟ, ಪಲ್ಯ ಉಪ್ಪಿನಕಾಯಿಯಷ್ಟು. 21 ದೇಶಗಳಲ್ಲಿ ಸುಮಾರು 1 ಲಕ್ಷ 32 ಸಾವಿರ ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದಕ್ಷಿಣ ಏಷ್ಯಾದಲ್ಲಿ ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಿಳಿ ಅನ್ನ ತಿನ್ನುವವರಲ್ಲಿ, 150 ಗ್ರಾಂಗಿಂತ ಕಡಿಮೆ ತಿನ್ನುವವರಿಗೆ ಹೋಲಿಸಿದರೆ, ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ. 61ರಷ್ಟು ಹೆಚ್ಚು ಕಂಡಿತು. 150 ಗ್ರಾಂ ಎಂದರೆ ಒಂದು ಕಪ್ ಬೆಂದ ಅನ್ನ. ಅನ್ನ ಹರಾಮಲ್ಲ, ಬಿಡಬೇಕಾಗಿಯೂ ಇಲ್ಲ. ಪ್ರಮಾಣ ಬದಲಾಗಬೇಕು. ತಟ್ಟೆಯ ಅರ್ಧ ಭಾಗ ತರಕಾರಿ ಇರಲಿ. ಬಸಳೆ, ಹರಿವೆ, ತೊಂಡೆಕಾಯಿ, ಸೌತೆಕಾಯಿ, ಯಾವುದು ಅಗ್ಗವೋ ಅದು. ಕಾಲು ಭಾಗ ಮೀನು, ಮೊಟ್ಟೆ, ಕೋಳಿ ಅಥವಾ ಹೆಸರುಕಾಳು, ಹುರುಳಿ, ಕಡಲೆ. ಉಳಿದ ಕಾಲು ಭಾಗ ಅನ್ನ, ರೊಟ್ಟಿ ಅಥವಾ ರಾಗಿ ಮುದ್ದೆ. ಬಂಗುಡೆ, ಬೂತಾಯಿಯಂಥ ಮೀನುಗಳಲ್ಲಿ ಹೃದಯಕ್ಕೆ ಒಳ್ಳೆಯ ಕೊಬ್ಬಿದೆ. ಆದರೆ ಅವುಗಳನ್ನು ಎಣ್ಣೆಯಲ್ಲಿ ಮುಳುಗಿಸದೆ ಸಾರು ಮಾಡಿದರೆ ಆ ಲಾಭ ಉಳಿಯುತ್ತದೆ. ಮೊದಲು ತರಕಾರಿ ಮತ್ತು ಮೀನು ತಿಂದು, ಕೊನೆಗೆ ಅನ್ನ ತಿಂದರೆ ಊಟದ ನಂತರ ಸಕ್ಕರೆ ಏರುವುದೂ ಕಡಿಮೆ.

ರಮಝಾನ್ ತಿಂಗಳ ಬಗ್ಗೆ ಒಂದು ಮಾತು. ಉಪವಾಸ ಸಂಯಮವನ್ನು ಕಲಿಸುವ ಆರಾಧನೆ. ಆದರೆ ಸಮೋಸ, ಕಟ್ಲೆಟ್, ಪಕೋಡ, ಬಣ್ಣದ ಶರಬತ್ತು, ಆಮೇಲೆ ಬಿರಿಯಾನಿ, ತರಾವೀಹ್ ಮುಗಿಸಿ ಬಂದು ಮತ್ತೊಮ್ಮೆ ತಿಂಡಿ. ಹೀಗಾಗಿ ಉಪವಾಸದ ತಿಂಗಳಲ್ಲೇ ತೂಕ ಏರುವವರಿದ್ದಾರೆ. ಎರಡು ಮೂರು ಖರ್ಜೂರ, ನೀರು, ಹಣ್ಣು, ಒಂದು ಬಟ್ಟಲು ಗಂಜಿ ಇಫ್ತಾರಿಗೆ ಸಾಕು. ಕರಿದದ್ದು ದಿನಾ ಬೇಡ, ವಾರಕ್ಕೊಮ್ಮೆ ಇರಲಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ರೋಗಿಗಳಿಗೆ ಧರ್ಮ ವಿನಾಯಿತಿ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ನಮ್ಮಲ್ಲಿ ಅನೇಕ ಕುಟುಂಬಗಳ ಯುವಕರು ಗಲ್ಫಿನಲ್ಲಿದ್ದಾರೆ. ಹೊತ್ತಿಲ್ಲದ ಹೊತ್ತಿನಲ್ಲಿ ಖುಬ್ಬೂಸ್, ಕರಿದ ಕೋಳಿ, ತಂಪು ಪಾನೀಯ ಅವರ ಊಟ. ಸೌದಿ ಅರೇಬಿಯಾ ಮತ್ತು ಯು.ಎ.ಇ. ಸರಕಾರಗಳು 2017ರಲ್ಲಿ ತಂಪು ಪಾನೀಯಗಳಿಗೆ ಶೇ. 50ರಷ್ಟು ತೆರಿಗೆ ಹಾಕಿದವು. ಸಮಸ್ಯೆ ಎಷ್ಟು ಗಂಭೀರವೆಂದು ಇದರಿಂದಲೇ ತಿಳಿಯಬಹುದು. ರಜೆಯಲ್ಲಿ ಬಂದವರಿಗೆ ಔತಣದ ಮೇಲೆ ಔತಣ ಕೊಡುವ ನಾವು, ಒಂದು ದಿನ ಅವರನ್ನು ರಕ್ತ ಪರೀಕ್ಷೆಗೂ ಕರೆದೊಯ್ಯಬೇಕು.

ಇಷ್ಟೆಲ್ಲ ಮಾಡಿದರೆ ಫಲವಿದೆಯೇ ಎಂದು ಕೇಳಬಹುದು. ಇದೆ, ಮತ್ತು ಅದಕ್ಕೆ ಪುರಾವೆ ಗ್ರೀನ್ ಟೀಗಿಂತ ಎಷ್ಟೋ ಗಟ್ಟಿ. ಅಮೆರಿಕಾದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರ ಬದಲಿಸಿ, ವಾರಕ್ಕೆ 150 ನಿಮಿಷ ನಡೆದು, ತೂಕದಲ್ಲಿ ಶೇ. 7 ಇಳಿಸುವ ಗುರಿಯಿಟ್ಟವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58 ಕಡಿಮೆಯಾಯಿತು. 70 ಕಿಲೊ ಇರುವವರಿಗೆ ಶೇ. 7 ಎಂದರೆ ಐದು ಕಿಲೊ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿದ ಅಧ್ಯಯನ 2006ರಲ್ಲಿ ಬಂತು. ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಲಾಗಿತ್ತು. ಮೂರು ವರ್ಷಗಳಲ್ಲಿ, ಏನೂ ಬದಲಾವಣೆ ಮಾಡದ ಗುಂಪಿನಲ್ಲಿ 100ಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ನಡಿಗೆ ಮತ್ತು ಆಹಾರ ಕ್ರಮ ಪಾಲಿಸಿದವರಲ್ಲಿ 39 ಮಂದಿಗೆ ಮಾತ್ರ. ತೂಕ ಹೆಚ್ಚೇನೂ ಇಳಿಯದಿದ್ದರೂ ಈ ಲಾಭ ಸಿಕ್ಕಿತು ಎಂಬುದನ್ನು ಗಮನಿಸಿ. ತಕ್ಕಡಿಯ ಮುಳ್ಳು ಅಲುಗಾಡಲಿಲ್ಲವೆಂದು ನಡಿಗೆ ನಿಲ್ಲಿಸಬೇಡಿ.

ತಿನ್ನುವುದರಲ್ಲೂ ಕುಡಿಯುವುದರಲ್ಲೂ ದುಂದು ಬೇಡವೆಂದು ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ. ಹೊಟ್ಟೆಯನ್ನು ಪೂರ್ತಿ ತುಂಬಿಸದೆ ಮೂರನೆಯ ಒಂದು ಭಾಗವನ್ನು ಉಸಿರಾಟಕ್ಕೆ ಬಿಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕಲಿತದ್ದು ತಟ್ಟೆಯ ಮೇಲೆ ಕಾಣಬೇಕು, ವಲೀಮಾದ ಚಪ್ಪರದಲ್ಲಿ ಕಾಣಬೇಕು. ದೇಹವೂ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು.

ಈ ಸಂಘವು ಶಿಕ್ಷಣಕ್ಕಾಗಿ ಬಹಳ ದುಡಿದಿದೆ. ಅದರ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನಿಡುತ್ತೇನೆ. ಒಂದು, ನಮ್ಮ ಸಭೆಗಳಲ್ಲಿ ಚಹಾಕ್ಕೆ ಮೊದಲೇ ಸಕ್ಕರೆ ಬೆರೆಸದೆ ಬೇರೆಯಾಗಿ ಇಡೋಣ. ಬೇಕಾದವರು ಹಾಕಿಕೊಳ್ಳಲಿ. ಎರಡು, ವರ್ಷಕ್ಕೊಮ್ಮೆ 30 ವರ್ಷ ದಾಟಿದ ಸದಸ್ಯರ ಮತ್ತು ಅವರ ಮನೆಯವರ ಸೊಂಟದ ಅಳತೆ, ಬಿ.ಪಿ., ಸಕ್ಕರೆ ಪರೀಕ್ಷೆ ನಡೆಸೋಣ. ಮೂರು, ವಿದ್ಯಾರ್ಥಿನಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸೋಣ. ನಾಲ್ಕು, ಶಾಲೆಯ ಮೈದಾನವನ್ನು ದಿನಕ್ಕೆ ಒಂದು ಗಂಟೆ ಸ್ತ್ರೀಯರ ನಡಿಗೆಗೆ ಬಿಟ್ಟುಕೊಡೋಣ. ಗಂಡಸರಿಗೆ ರಸ್ತೆಯಿದೆ, ಮಸೀದಿಗೆ ಹೋಗಿಬರುವ ನಡಿಗೆಯಿದೆ. ದಿನವಿಡೀ ಅಡುಗೆ ಮನೆಯಲ್ಲಿ ನಿಂತು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಹಾಳಾಗಬಾರದೆಂದು ತಾನೇ ತಿಂದು ಮುಗಿಸುವ ತಾಯಿಗೆ ನಡೆಯಲು ಜಾಗವೆಲ್ಲಿದೆ? ಅವರಿಗೆ ಒಂದು ಪೊಟ್ಟಣ ಗ್ರೀನ್ ಟೀ ತಂದುಕೊಟ್ಟರೆ ನಮ್ಮ ಹೊಣೆ ಮುಗಿಯುವುದಿಲ್ಲ. ಅವರ ಕೈಯಿಂದ ಒಂದು ಗಂಟೆಯ ಕೆಲಸವನ್ನು ನಾವು ತೆಗೆದುಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಟೇಪು ಹಿಡಿದು ನಿಮ್ಮ ತಂದೆ ತಾಯಿಯ ಸೊಂಟದ ಅಳತೆ ತೆಗೆದು, ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೊಮ್ಮೆ ಅಳೆಯಿರಿ. ನೀವು ಕಲಿತ ವಿಜ್ಞಾನ ಮೊದಲು ನಿಮ್ಮ ಮನೆಯವರಿಗೆ ಉಪಯೋಗವಾಗಲಿ. ಅಲ್ಲಾಹನು ನಮಗೆಲ್ಲ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ, ಆಮೀನ್.